ಬಿರ್ಸಾ ಹೆಸರಿನ ದಿನ, ಇರುಳಿಗರ ಕೈಗೆ ಹಕ್ಕುಪತ್ರ

ಬೆಂಗಳೂರು–ಮೈಸೂರು ರಸ್ತೆ ಹಿಡಿದವರಿಗೆ ರಾಮನಗರ ಎಂದರೆ ‘ಶೋಲೆ’ ಬಂಡೆ, ಚನ್ನಪಟ್ಟಣ ಎಂದರೆ ಬಣ್ಣದ ಗೊಂಬೆ, ಮಾಗಡಿ ಎಂದರೆ ಕೆಂಪೇಗೌಡ. ನಮ್ಮ ಸೀಮೆಯ ಪರಿಚಯ ಅಲ್ಲಿಗೆ ಮುಗಿಯುತ್ತದೆ. ಸಾವನದುರ್ಗದ ಕಾಡಂಚಿನಲ್ಲಿ, ರಾಮನಗರದ ಬೆಟ್ಟಗಳ ಬುಡದಲ್ಲಿ, ಕನಕಪುರದ ಕುರುಚಲು ಕಾಡಿನಲ್ಲಿ ಜೇನು ಬಿಡಿಸಿ, ಗೆಣಸು ಅಗೆದು ಬಾಳಿದ ಇರುಳಿಗರ ಮಾತು ಅಪರೂಪಕ್ಕೆ ಬರುತ್ತದೆ.

ಅವರು ನಿನ್ನೆ ಮೊನ್ನೆ ಬಂದವರಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಗುಡ್ಡಗಾಡಿನ ‘ಕಾಡು ಇರುಳಿಗ’ರ ಬಗ್ಗೆ ಬರೆದಿಟ್ಟಿದ್ದಾನೆ. ಇಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲೂ ಇರುಳಿಗರಿದ್ದಾರೆ.

ಇಂಥ ಮೂಲನಿವಾಸಿಗಳಿಗಾಗಿ ಒಂದು ದಿನ ಮೀಸಲಿಡುವ ರೂಢಿ ಈಗ ಲೋಕದ ತುಂಬ ಇದೆ. ಅಮೆರಿಕದ ಬರ್ಕ್ಲಿ ನಗರ 1992ರಲ್ಲಿ ಕೊಲಂಬಸ್ ದಿನವನ್ನು ಬದಿಗಿಟ್ಟು ಮೂಲನಿವಾಸಿಗಳ ದಿನ ಆಚರಿಸಿತು. ವಿಶ್ವಸಂಸ್ಥೆ 1994ರಲ್ಲಿ ಆಗಸ್ಟ್ 9ನ್ನು ಗೊತ್ತುಮಾಡಿತು. ನಮ್ಮಲ್ಲಿ 2021ರಿಂದ ಆದಿವಾಸಿ ಹೋರಾಟಗಾರ ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15 ‘ಜನಜಾತೀಯ ಗೌರವ ದಿವಸ’.

ಒಳ್ಳೆಯದೇ. ಆದರೆ ಜಯಂತಿಗಳು ನಮ್ಮಲ್ಲಿ ಹೇಗೆ ನಡೆಯುತ್ತವೆಂದು ಎಲ್ಲರಿಗೂ ಗೊತ್ತು: ಫೋಟೊಗೆ ಹಾರ, ಗಣ್ಯರ ಭಾಷಣ, ಒಂದು ಕುಣಿತ, ಉಪ್ಪಿಟ್ಟು–ಕೇಸರಿಬಾತ್. ಬಿರ್ಸಾ ಹೋರಾಡಿದ್ದು ಹಾರಕ್ಕಾಗಿ ಅಲ್ಲ, ನೆಲಕ್ಕಾಗಿ. 1900ರಲ್ಲಿ ಅವರು ರಾಂಚಿ ಜೈಲಿನಲ್ಲಿ ತೀರಿಕೊಂಡರು. ಎಂಟು ವರ್ಷಕ್ಕೆ ಆದಿವಾಸಿಗಳ ಜಮೀನಿಗೆ ರಕ್ಷಣೆ ಕೊಟ್ಟ ಛೋಟಾನಾಗಪುರ ಗೇಣಿ ಕಾಯ್ದೆ ಬಂತು. ಅವರ ಹೆಸರಿನ ದಿನವನ್ನು ಜಮೀನಿನ ಮಾತೆತ್ತದೆ ಮುಗಿಸುವುದು ನನ್ನ ಮಟ್ಟಿಗೆ ಅಪಚಾರ.

ಜಮೀನಿನ ಮಾತಿಗೆ ಕಾನೂನೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ನೆಲದಲ್ಲಿ ಉಳುಮೆ ಮಾಡಿ ಬದುಕುತ್ತಿರುವ ಬುಡಕಟ್ಟು ಕುಟುಂಬ, ತಾನು ಉಳುತ್ತಿರುವಷ್ಟು ನೆಲಕ್ಕೆ, ಹೆಚ್ಚೆಂದರೆ ನಾಲ್ಕು ಹೆಕ್ಟೇರ್‌ಗೆ, ಹಕ್ಕು ಕೇಳಬಹುದು. ಗಂಡ–ಹೆಂಡತಿ ಇದ್ದರೆ ಪತ್ರ ಇಬ್ಬರ ಹೆಸರಿನಲ್ಲೂ ಆಗಬೇಕು. ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಸಾಕ್ಷ್ಯದ ವಿಷಯಕ್ಕೆ ಬಂದರೆ ಈ ಕಾನೂನಿನಷ್ಟು ಉದಾರವಾದದ್ದು ಕಂದಾಯ ಇಲಾಖೆಯ ಜಗತ್ತಿನಲ್ಲಿ ವಿರಳ. ಪಹಣಿ ಇಲ್ಲದಿದ್ದರೂ ನಡೆಯುತ್ತದೆ. ಅಜ್ಜನ ಸಮಾಧಿ, ಹಳೆಯ ಬಾವಿ, ದೇವರ ಬನ, ಮನೆಯ ಅಡಿಪಾಯ ಎಲ್ಲವೂ ಪುರಾವೆ. ಅರ್ಜಿದಾರನಲ್ಲದ ಹಿರಿಯರೊಬ್ಬರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಇಂಥದೇ ಕಾಗದ ಬೇಕೆಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಎಂದು 2012ರಲ್ಲಿ ತಿದ್ದಿದ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಹಾಡಿಯ ಮುದುಕ ಸಾಯುವ ಮುಂಚೆ ಅವನ ಹೇಳಿಕೆಯನ್ನೂ ಬರೆಸಿಕೊಳ್ಳಬೇಕು. ಇದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು, ಅರ್ಧ ದಿನ ಬಿಡುವಿರುವ ಒಬ್ಬ ಅಧಿಕಾರಿ.

ಅರ್ಜಿ ತಿರಸ್ಕಾರವಾದರೆ ಅದನ್ನು ಅರ್ಜಿದಾರನಿಗೆ ತಿಳಿಸಲೇಬೇಕು. ತಿಳಿದ ಮೇಲೆ ಅರವತ್ತು ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ತಿಳಿಸದೇ ಇದ್ದರೆ ಯಾರ ಬಾಗಿಲು ತಟ್ಟಬೇಕು? ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಬಂದವನಿಗೆ ಆ ದಿನದ ಅನ್ನ ಹೋದಂತೆಯೇ.

ಚನ್ನಪಟ್ಟಣದಿಂದ ಮಾಗಡಿವರೆಗಿನ ಜನಪ್ರತಿನಿಧಿಗಳಲ್ಲಿ, ಅಧಿಕಾರಿಗಳಲ್ಲಿ ಒಂದೇ ಕೋರಿಕೆ. ಬರುವ ನವೆಂಬರ್ 15ಕ್ಕೆ ಶಾಮಿಯಾನ ಹಾಕಿಸುವ ಮುಂಚೆ ಇರುಳಿಗರ ಹಾಡಿಗಳಲ್ಲಿ ಗ್ರಾಮಸಭೆ ಕರೆಯಿರಿ, ಬಾಕಿ ಅರ್ಜಿಗಳ ಪಟ್ಟಿಯನ್ನು ಅಲ್ಲೇ ಓದಿ ಹೇಳಿ. ಆ ದಿನ ವೇದಿಕೆಯ ಮೇಲೆ ಶಾಲು ಹೊದಿಸುವ ಬದಲು ಹಕ್ಕುಪತ್ರ ಕೊಡಿ.