63 ನಾಟ್ ಔಟ್: ಫಿಲ್ ಹ್ಯೂಸ್ ನೆನಪು ಕುತ್ತಿಗೆಯ ಆ ಸಣ್ಣ ಜಾಗಕ್ಕೆ ತಲುಪಲು ಯಾಕೆ ಅಷ್ಟು ವರ್ಷ ಹಿಡಿಯಿತು?

ಸ್ಕೋರ್‌ಕಾರ್ಡ್ ಅನ್ನೋದು ಲೆಕ್ಕದ ಪುಸ್ತಕ. ಅಲ್ಲಿ ಭಾವನೆಗೆ ಜಾಗ ಇರಲ್ಲ. ಆದರೆ 2014ರ ನವೆಂಬರ್‌ನಲ್ಲಿ ನಡೆದ ಒಂದು ದೇಶೀ ಪಂದ್ಯದ ಸ್ಕೋರ್‌ಕಾರ್ಡನ್ನು ಕ್ರಿಕೆಟ್ ಆಸ್ಟ್ರೇಲಿಯಾ ತಿದ್ದಿತು. ಫಿಲಿಪ್ ಹ್ಯೂಸ್ ಹೆಸರಿನ ಮುಂದೆ 'ಗಾಯಗೊಂಡು ನಿವೃತ್ತಿ, 63' ಅಂತ ಇದ್ದದ್ದು '63 ನಾಟ್ ಔಟ್' ಅಂತಾಯಿತು. ಆ ಹೊತ್ತಿಗೆ ಹ್ಯೂಸ್ ತೀರಿಕೊಂಡಿದ್ದರು. ಅವರ 26ನೇ ಹುಟ್ಟುಹಬ್ಬಕ್ಕೆ ಇನ್ನು ಮೂರೇ ದಿನ ಬಾಕಿ ಇತ್ತು.

ಆಟಗಾರ ಸತ್ತಾಗ ಅಭಿಮಾನಿಗಳು ನೆನಪಿಸಿಕೊಳ್ಳೋದು ಹೊಸದೇನಲ್ಲ. ಹೂವು, ಮೊಂಬತ್ತಿ, ಹಳೇ ಇನ್ನಿಂಗ್ಸ್‌ನ ವಿಡಿಯೋ, ಎರಡು ದಿನದ ಸ್ಟೇಟಸ್. ಹ್ಯೂಸ್ ವಿಷಯದಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಅದರಲ್ಲಿ ನಾವು ಕಲಿಯಬೇಕಾದ್ದೂ ಇದೆ, ಸಿಟ್ಟು ಬರಿಸುವಂಥದ್ದೂ ಇದೆ. ಎರಡನ್ನೂ ಬಿಡಿಸಿ ನೋಡೋಣ.

ಆ ದಿನ ಆದದ್ದೇನು?

2014ರ ನವೆಂಬರ್ 25. ಸಿಡ್ನಿ ಕ್ರಿಕೆಟ್ ಮೈದಾನ. ಶೆಫೀಲ್ಡ್ ಶೀಲ್ಡ್ ಅಂದರೆ ನಮ್ಮ ರಣಜಿ ಟ್ರೋಫಿ ಇದ್ದ ಹಾಗೆ. ಸೌತ್ ಆಸ್ಟ್ರೇಲಿಯಾ ಪರ ಆಡ್ತಿದ್ದ ಹ್ಯೂಸ್, ನ್ಯೂ ಸೌತ್ ವೇಲ್ಸ್‌ನ ಶಾನ್ ಅಬಾಟ್ ಹಾಕಿದ ಬೌನ್ಸರ್ ಅನ್ನು ಲೆಗ್ ಸೈಡ್‌ಗೆ ಎಳೆದು ಹೊಡೆಯಲು ಹೋದರು. ಬ್ಯಾಟ್ ಬೇಗ ಬೀಸಿತು, ಚೆಂಡು ಸಿಗಲಿಲ್ಲ. ಹೆಲ್ಮೆಟ್‌ನ ಅಂಚಿನ ಕೆಳಗೆ, ಎಡಕಿವಿಯ ಹಿಂಬದಿಯಲ್ಲಿ ಕುತ್ತಿಗೆಗೆ ಬಡಿಯಿತು. ಒಂದೆರಡು ಕ್ಷಣ ಬಗ್ಗಿ ನಿಂತಿದ್ದವರು ಹಾಗೇ ಮುಗ್ಗರಿಸಿ ಬಿದ್ದರು. ಎರಡು ದಿನದ ನಂತರ, ನವೆಂಬರ್ 27ರಂದು, ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕುತ್ತಿಗೆಯ ಹಿಂಬದಿಯಲ್ಲಿ ಮೂಳೆಗಳ ನಡುವೆ ಮೆದುಳಿಗೆ ರಕ್ತ ಒಯ್ಯುವ ಅಪಧಮನಿ ಇರುತ್ತದೆ. ಚೆಂಡಿನ ಪೆಟ್ಟಿಗೆ ಅದು ಸೀಳಿ, ಮೆದುಳಿನ ಸುತ್ತ ರಕ್ತಸ್ರಾವ ಆಯಿತು. ಇಂಥ ಗಾಯ ಅತ್ಯಂತ ಅಪರೂಪ ಅಂತ ಆಸ್ಟ್ರೇಲಿಯಾ ತಂಡದ ವೈದ್ಯರೇ ಆಗ ಹೇಳಿದ್ದರು. ಈ 'ಅಪರೂಪ' ಅನ್ನೋ ಪದ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅವರನ್ನೇ ಯಾಕೆ ಅಷ್ಟು ಹಚ್ಚಿಕೊಂಡಿದ್ದರು?

ಹ್ಯೂಸ್ ಮ್ಯಾಕ್ಸ್‌ವಿಲ್ ಅನ್ನೋ ಸಣ್ಣ ಊರಿನ ಬಾಳೆ ಬೆಳೆಗಾರನ ಮಗ. ಕೋಚಿಂಗ್ ಪುಸ್ತಕಕ್ಕೆ ಒಗ್ಗದ ಎಡಗೈ ಬ್ಯಾಟಿಂಗ್. ಲೆಗ್ ಸೈಡ್‌ಗೆ ಜರುಗಿ, ಜಾಗ ಮಾಡಿಕೊಂಡು, ಪಾಯಿಂಟ್ ದಿಕ್ಕಿಗೆ ಚಾಟಿ ಬೀಸಿದ ಹಾಗೆ ಕಟ್. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೊದಲ ಟೆಸ್ಟ್‌ನ ಮೊದಲ ಇನ್ನಿಂಗ್ಸ್‌ನಲ್ಲೇ ಸೊನ್ನೆ. ಮುಂದಿನ ಟೆಸ್ಟ್‌ನಲ್ಲಿ, ಡರ್ಬನ್‌ನಲ್ಲಿ, 115 ಮತ್ತು 160. ಒಂದೇ ಟೆಸ್ಟ್‌ನ ಎರಡೂ ಇನ್ನಿಂಗ್ಸ್‌ನಲ್ಲಿ ಶತಕ ಹೊಡೆದ ಅತಿ ಕಿರಿಯ ಆಟಗಾರ. ಆಗ ವಯಸ್ಸು 20.

ಅದೇ ವರ್ಷ ಆ್ಯಷಸ್ ಸರಣಿಯಲ್ಲಿ ಎರಡು ಟೆಸ್ಟ್ ಆದ ಮೇಲೆ ತಂಡದಿಂದ ಹೊರಗೆ. ಮತ್ತೆ ಒಳಗೆ, ಮತ್ತೆ ಹೊರಗೆ. 2013ರಲ್ಲಿ ಏಕದಿನ ಪಾದಾರ್ಪಣೆಯಲ್ಲೇ ಶತಕ ಹೊಡೆದ ಮೊದಲ ಆಸ್ಟ್ರೇಲಿಯನ್ ಆದರು. ಒಟ್ಟು 26 ಟೆಸ್ಟ್, 1,535 ರನ್, ಮೂರು ಶತಕ. ದಂತಕಥೆಯ ಲೆಕ್ಕ ಅಲ್ಲ ಇದು. ತಂಡದಿಂದ ಕೈಬಿಟ್ಟಾಗಲೆಲ್ಲ ದೇಶೀ ಕ್ರಿಕೆಟ್‌ಗೆ ವಾಪಸ್ ಹೋಗಿ, ರನ್ ಹೊಡೆದು, ಮತ್ತೆ ಬಾಗಿಲು ತಟ್ಟುತ್ತಿದ್ದ ಹುಡುಗನ ಲೆಕ್ಕ. ಭಾರತದ ವಿರುದ್ಧದ ಟೆಸ್ಟ್ ಸರಣಿ ಹತ್ತಿರದಲ್ಲಿತ್ತು. ಆ ದಿನದ 63 ರನ್ ಕೂಡ ತಂಡಕ್ಕೆ ಮರಳುವ ಪ್ರಯತ್ನದ ಭಾಗವೇ ಆಗಿತ್ತು.

ಮನೆ ಮುಂದಿನ ಬ್ಯಾಟ್

ಸಿಡ್ನಿಯ ಒಬ್ಬ ಸಾಮಾನ್ಯ ಅಭಿಮಾನಿ ತನ್ನ ಬ್ಯಾಟನ್ನು ಮನೆ ಮುಂದೆ ಒರಗಿಸಿ, ಮೇಲೆ ಟೋಪಿ ಇಟ್ಟು, ಫೋಟೋ ಹಾಕಿದರು. 'ನಿಮ್ಮ ಬ್ಯಾಟ್ ಹೊರಗಿಡಿ' ಅನ್ನೋ ಹ್ಯಾಶ್‌ಟ್ಯಾಗ್ ಹಬ್ಬಿತು. ಮನೆ, ಶಾಲೆ, ಕ್ಲಬ್, ಅಂಗಡಿ, ಎಲ್ಲೆಲ್ಲೂ ಒರಗಿಸಿಟ್ಟ ಬ್ಯಾಟ್‌ಗಳು. ಗೂಗಲ್‌ನ ಆಸ್ಟ್ರೇಲಿಯಾ ಮುಖಪುಟದಲ್ಲೂ ಒಂದು ಬ್ಯಾಟ್ ಬಂತು. ಡಿಸೆಂಬರ್ 3ರಂದು ಮ್ಯಾಕ್ಸ್‌ವಿಲ್ ಹೈಸ್ಕೂಲಿನಲ್ಲಿ ಅಂತ್ಯಕ್ರಿಯೆ ನಡೆದಾಗ ಪ್ರವಾಸದಲ್ಲಿದ್ದ ಭಾರತ ತಂಡದ ವಿರಾಟ್ ಕೊಹ್ಲಿ, ರವಿ ಶಾಸ್ತ್ರಿ ಕೂಡ ಬಂದಿದ್ದರು.

ಈ ಶೋಕಕ್ಕೆ ಯಾವ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಪ್ರತಿಮೆ ಬೇಕಿರಲಿಲ್ಲ, ಚಂದಾ ಎತ್ತಬೇಕಿರಲಿಲ್ಲ. ಅಟ್ಟದ ಮೇಲಿದ್ದ ಹಳೇ ಬ್ಯಾಟ್ ಇದ್ದರೂ ಸಾಕಿತ್ತು. ಕ್ರಿಕೆಟ್ ಆಡಿದ ಯಾರೇ ಆದರೂ ಅದರಲ್ಲಿ ಸೇರಬಹುದಿತ್ತು. ಅಷ್ಟು ಬೇಗ ಅದು ಹಬ್ಬಿದ್ದಕ್ಕೆ ಇದೇ ಕಾರಣ.

ಡಿಸೆಂಬರ್ 9ರಂದು ಅಡಿಲೇಡ್‌ನಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಶುರುವಾಯಿತು. ಆಸ್ಟ್ರೇಲಿಯಾ ಆಟಗಾರರ ಅಂಗಿಯ ಮೇಲೆ ಹ್ಯೂಸ್ ಅವರ ಟೆಸ್ಟ್ ಕ್ಯಾಪ್ ಸಂಖ್ಯೆ 408. ತಂಡದ ಪಟ್ಟಿಯಲ್ಲಿ 13ನೇ ಆಟಗಾರನಾಗಿ ಅವರ ಹೆಸರು. ಡೇವಿಡ್ ವಾರ್ನರ್ 63 ತಲುಪಿದಾಗ ಆಕಾಶ ನೋಡಿದರು, ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ಅದೇ ಪಂದ್ಯದಲ್ಲಿ ಮಿಚೆಲ್ ಜಾನ್ಸನ್ ಅವರ ಬೌನ್ಸರ್ ಕೊಹ್ಲಿಯ ಹೆಲ್ಮೆಟ್‌ಗೆ ಬಡಿದಾಗ ಆಸ್ಟ್ರೇಲಿಯಾದ ಫೀಲ್ಡರ್‌ಗಳು ಗಾಬರಿಯಿಂದ ಅವರ ಬಳಿ ಓಡಿದರು. ಕೊಹ್ಲಿ ಎರಡೂ ಇನ್ನಿಂಗ್ಸ್‌ನಲ್ಲಿ ಶತಕ ಹೊಡೆದರು. ಆಟ ಮುಂದುವರಿಯಿತು.

ಖಳನಾಯಕನನ್ನು ಹುಡುಕದ ಜನ

ಇನ್ನೊಂದು ಮಾತು ಹೇಳಲೇಬೇಕು. ಆ ಚೆಂಡು ಎಸೆದ ಅಬಾಟ್‌ಗೆ ಆಗ ಕೇವಲ 22 ವರ್ಷ. ಇವತ್ತಿನ ನಮ್ಮ ಟೈಮ್‌ಲೈನ್ ನೆನೆಸಿಕೊಳ್ಳಿ: ಒಂದು ಕ್ಯಾಚ್ ಬಿಟ್ಟವನ ಮನೆಯವರನ್ನೂ ಬಿಡದೆ ಬೈಯುವ ಕಾಲ. ಅಲ್ಲಿ ಆದದ್ದು ಉಲ್ಟಾ. ಹ್ಯೂಸ್ ನೆನಪಿನ ಜೊತೆಗೇ ಅಬಾಟ್‌ಗೆ ಬೆಂಬಲದ ಮಾತುಗಳೂ ಹರಿದು ಬಂದವು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಮೈದಾನಕ್ಕೆ ಮರಳಿದ ಅವರು ಕ್ವೀನ್ಸ್‌ಲ್ಯಾಂಡ್ ವಿರುದ್ಧ 14 ರನ್‌ಗೆ 6 ವಿಕೆಟ್ ಪಡೆದರು. ಜನ ಅವರನ್ನು ಅಪ್ಪಿಕೊಂಡರು.

ಆದರೆ ವ್ಯಕ್ತಿಯನ್ನು ದೂರಬಾರದು ಅನ್ನೋದು ಬೇರೆ, ಪ್ರಶ್ನೆಯನ್ನೇ ಕೇಳಬಾರದು ಅನ್ನೋದು ಬೇರೆ. 2016ರಲ್ಲಿ ನ್ಯೂ ಸೌತ್ ವೇಲ್ಸ್‌ನ ಕರೋನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ, ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡರು. ಅತಿಯಾಗಿ ಬೌನ್ಸರ್ ಹಾಕಿದರಾ? ಕೆಣಕಿ ಬೈದರಾ? ಆಂಬುಲೆನ್ಸ್ ತಡವಾಯಿತಾ? ಸಾವಿಗೆ ಯಾರೂ ಹೊಣೆಯಲ್ಲ, ಇದೊಂದು ದುರಂತ ಅಪಘಾತ ಅನ್ನೋದು ಅವರ ತೀರ್ಮಾನ. ಆದರೆ ವಿಚಾರಣೆ ನಡೆದ ರೀತಿಯ ಬಗ್ಗೆ ಹ್ಯೂಸ್ ಕುಟುಂಬಕ್ಕೆ ಸಮಾಧಾನ ಇರಲಿಲ್ಲ. ಇಡೀ ದೇಶ ಒಟ್ಟಾಗಿ ಅತ್ತ ಮಾತ್ರಕ್ಕೆ ಮನೆಯವರ ಪ್ರಶ್ನೆ ಮುಗಿದಂತಲ್ಲ.

ಕರೋನರ್ ಇನ್ನೊಂದು ಶಿಫಾರಸು ಮಾಡಿದರು: ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಕಡ್ಡಾಯ ಮಾಡಬಹುದಾದಂಥ ಕುತ್ತಿಗೆ ರಕ್ಷಣೆಯನ್ನು ಗುರುತಿಸುವ ಕೆಲಸ ನಡೆಯಬೇಕು. ನಮ್ಮ ಅಸಲಿ ಕತೆ ಶುರುವಾಗೋದು ಇಲ್ಲಿಂದ.

ಹೆಲ್ಮೆಟ್ ಮುಗಿಯುವ ಜಾಗ

ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ, ಬೋರ್ ಹೊಡೆಸಲ್ಲ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದರೆ ಅದರಲ್ಲಿರುವ ಶಕ್ತಿ ಸುಮಾರು 120 ಜೂಲ್. 12 ಕೆ.ಜಿ. ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದರೆ ಎಷ್ಟೋ ಅಷ್ಟು. ಹೆಲ್ಮೆಟ್‌ನ ಗಟ್ಟಿ ಚಿಪ್ಪು ಆ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಒಳಗಿನ ಫೋಮ್ ಅದುಮಿಕೊಂಡು ಪೆಟ್ಟಿನ ಸಮಯವನ್ನು ಹಿಗ್ಗಿಸುತ್ತದೆ. ಸಮಯ ಹಿಗ್ಗಿದಷ್ಟೂ ತಲೆಗೆ ತಗಲುವ ಬಲ ಕಮ್ಮಿ.

ಕುತ್ತಿಗೆಗೆ ಈ ಉಪಾಯ ಸಲೀಸಲ್ಲ. ತಲೆ ಹೆಚ್ಚುಕಮ್ಮಿ ಗಟ್ಟಿ ಗೋಳ, ಅದಕ್ಕೆ ಚಿಪ್ಪು ಕೂರುತ್ತದೆ. ಕುತ್ತಿಗೆ ತಿರುಗಬೇಕು, ಬಾಗಬೇಕು. ಅಲ್ಲಿ ಗಟ್ಟಿ ಚಿಪ್ಪು ಕಟ್ಟಿದರೆ ಬ್ಯಾಟ್ಸ್‌ಮನ್ ಚೆಂಡನ್ನೇ ನೋಡೋಕಾಗಲ್ಲ. ಹಾಗಾಗಿ ಹೆಲ್ಮೆಟ್ ಕಿವಿಯ ಹತ್ತಿರ ಮುಗಿದುಬಿಡುತ್ತಿತ್ತು. ಹ್ಯೂಸ್ ಹಾಕಿದ್ದು ಹೊಸ ಮಾದರಿಯಲ್ಲ ಅನ್ನೋ ಚರ್ಚೆ ಆಗ ಜೋರಾಗಿತ್ತು. ಆದರೆ 2013ರ ಬ್ರಿಟಿಷ್ ಹೆಲ್ಮೆಟ್ ಮಾನದಂಡದ ಗಮನವೂ ತಲೆ ಮತ್ತು ಮುಖದ ಮೇಲಿತ್ತು. ಕುತ್ತಿಗೆ ಅದರ ಲೆಕ್ಕದಲ್ಲೇ ಇರಲಿಲ್ಲ.

2015ರಲ್ಲಿ 'ಸ್ಟೆಮ್‌ಗಾರ್ಡ್' ಮಾರುಕಟ್ಟೆಗೆ ಬಂತು. ಹೆಲ್ಮೆಟ್‌ನ ಹಿಂಭಾಗಕ್ಕೆ ಸಿಕ್ಕಿಸುವ, ಫೋಮ್ ಮತ್ತು ಪ್ಲಾಸ್ಟಿಕ್‌ನ ಬಿಡಿಬಿಡಿ ತುಂಡುಗಳು. ಬಿಡಿಯಾಗಿರೋದರಿಂದ ತಲೆ ತಿರುಗಿಸಬಹುದು. ಪೂರ್ತಿ ರಕ್ಷಣೆ ಅಂತಲ್ಲ, ಏನೂ ಇಲ್ಲದ ಜಾಗದಲ್ಲಿ ಏನೋ ಒಂದು ಬಂತು.

ಸಾಧನ ಬಂತು, ನಿಯಮ ಬರಲಿಲ್ಲ

ಹ್ಯೂಸ್ ಸತ್ತ ಮರುವರ್ಷವೇ ಸಾಧನ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ವೇಗದ ಮತ್ತು ಮಧ್ಯಮ ವೇಗದ ಬೌಲಿಂಗ್ ಎದುರಿಸುವ ವೃತ್ತಿಪರ ಆಟಗಾರರಿಗೆ ಅದು ಕಡ್ಡಾಯವಾದದ್ದು ಯಾವಾಗ ಗೊತ್ತಾ? 2023ರ ಅಕ್ಟೋಬರ್ 1. ಹತ್ತಿರ ಹತ್ತಿರ ಒಂಬತ್ತು ವರ್ಷ.

ನಡುವೆ ಅಡ್ಡ ಬಂದದ್ದು ಬಹುಪಾಲು ಆಟಗಾರರ ಇಷ್ಟಾನಿಷ್ಟ. ಹ್ಯೂಸ್ ಬಿದ್ದಾಗ ಅದೇ ಮೈದಾನದಲ್ಲಿದ್ದ ವಾರ್ನರ್ ಅದನ್ನು ಹಾಕಲು ಒಪ್ಪಿರಲಿಲ್ಲ. ಸ್ಟೀವ್ ಸ್ಮಿತ್‌ಗೆ ಉಸಿರುಗಟ್ಟಿದ ಹಾಗಾಗುತ್ತಿತ್ತು. 2019ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಮಿತ್ ಕುತ್ತಿಗೆಗೆ ಬಡಿದು ಅವರು ನೆಲಕ್ಕೆ ಬಿದ್ದಾಗ, ನೋಡ್ತಿದ್ದವರಿಗೆಲ್ಲ ಒಂದೇ ಹೆಸರು ನೆನಪಾದದ್ದು. ಅವತ್ತೂ ಅವರ ಕುತ್ತಿಗೆಗೆ ಗಾರ್ಡ್ ಇರಲಿಲ್ಲ.

ಇವರು ಗೆಳೆಯನನ್ನು ಮರೆತಿದ್ದರು ಅಂತ ಹೇಳೋದು ಅನ್ಯಾಯ. ಬೈಕ್ ಸವಾರರ ಹೆಲ್ಮೆಟ್ ಚರ್ಚೆ ನೋಡಿದವರಿಗೆ ಇದು ಹೊಸದಲ್ಲ. ಕಿರಿಕಿರಿ ಪ್ರತಿದಿನದ್ದು, ಅಪಾಯ ಅಪರೂಪದ್ದು. ಹಾಗಾಗಿ ಮನುಷ್ಯ ಕಿರಿಕಿರಿಯನ್ನೇ ತಪ್ಪಿಸಿಕೊಳ್ಳುತ್ತಾನೆ. ನೆನಪು ಎಷ್ಟೇ ಆಳ ಇದ್ದರೂ ಈ ಲೆಕ್ಕವನ್ನು ಬದಲಿಸಲ್ಲ. ಬದಲಿಸೋದು ನಿಯಮ. 'ಅವರವರ ಆಯ್ಕೆ' ಅಂತ ಬಿಟ್ಟಾಗ ಸ್ಟಾರ್ ಏನು ಹಾಕ್ತಾನೋ ಅದನ್ನೇ 14ರ ಹುಡುಗನೂ ಹಾಕ್ತಾನೆ. ಸ್ಟಾರ್‌ನ ಆಯ್ಕೆ ಅವನೊಬ್ಬನದ್ದಾಗಿ ಉಳಿಯಲ್ಲ.

ನಮ್ಮ ರಮಣ್ ಲಾಂಬಾ

ಇದು ಆಸ್ಟ್ರೇಲಿಯಾದ ಕತೆ ಮಾತ್ರ ಅಂದುಕೊಳ್ಳಬೇಡಿ. 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಭಾರತದ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟ್ಸ್‌ಮನ್ ಹೊಡೆದ ಚೆಂಡು ತಲೆಗೆ ಬಡಿಯಿತು. ಮೂರು ದಿನದಲ್ಲಿ ತೀರಿಕೊಂಡರು, 38ನೇ ವಯಸ್ಸಿನಲ್ಲಿ. 4 ಟೆಸ್ಟ್, 32 ಏಕದಿನ ಪಂದ್ಯ ಆಡಿದವರು, ದೆಹಲಿ ಪರ ರನ್ ರಾಶಿ ಹಾಕಿದವರು. ಅವರ ಹೆಸರು ಇವತ್ತು ನಮ್ಮಲ್ಲಿ ಹೆಚ್ಚಾಗಿ ಬರೋದು ಕ್ವಿಜ್ ಪ್ರಶ್ನೆಯಾಗಿ. ಲಾಂಬಾ ನೆನಪಿಗೆ ಒಂದು ಸಂಖ್ಯೆ ಸಿಗಲಿಲ್ಲ, ಒಂದು ಹ್ಯಾಶ್‌ಟ್ಯಾಗ್ ಸಿಗಲಿಲ್ಲ, ನಿಯಮವಂತೂ ದೂರದ ಮಾತು.

'ಅಪರೂಪ' ಮತ್ತೆ ಬಂದಾಗ

2025ರ ಅಕ್ಟೋಬರ್ ಕೊನೆಯಲ್ಲಿ ಮೆಲ್ಬರ್ನ್‌ನ ಕ್ಲಬ್ ಒಂದರ ನೆಟ್ಸ್‌ನಲ್ಲಿ 17ರ ಹುಡುಗನೊಬ್ಬ ಬ್ಯಾಟಿಂಗ್ ಮಾಡ್ತಿದ್ದ. ಎದುರಿನವರು ಚೆಂಡು ಎಸೆದದ್ದು ಸೈಡ್‌ಆರ್ಮ್‌ನಿಂದ. ಭಾರತ ತಂಡದ ನೆಟ್ಸ್‌ನಲ್ಲಿ ನಮ್ಮ ಕುಮಟಾದ ರಾಘವೇಂದ್ರ ಅವರ ಕೈಯಲ್ಲಿ ನೀವು ನೋಡಿರುವ, ಉದ್ದ ಹಿಡಿಕೆಯ ಚಮಚದಂಥ ಸಾಧನ ಅದು. ಚೆಂಡು ಕುತ್ತಿಗೆಗೆ ಬಡಿಯಿತು. ಹುಡುಗ ಹೆಲ್ಮೆಟ್ ಹಾಕಿದ್ದ, ಸ್ಟೆಮ್‌ಗಾರ್ಡ್ ಹಾಕಿರಲಿಲ್ಲ. ಎರಡು ದಿನದಲ್ಲಿ ತೀರಿಕೊಂಡ. ಮತ್ತೆ ಮನೆಗಳ ಮುಂದೆ ಬ್ಯಾಟ್‌ಗಳು ಬಂದವು. ಅಕ್ಟೋಬರ್ 30ರಂದು ನವಿ ಮುಂಬೈನಲ್ಲಿ ನಡೆದ ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ಎರಡೂ ತಂಡಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದವು.

ವೃತ್ತಿಪರರಿಗೆ ಬಂದ ನಿಯಮ ಕ್ಲಬ್ ಹುಡುಗನ ಕುತ್ತಿಗೆಯವರೆಗೆ ಇಳಿದಿರಲಿಲ್ಲ.

ನಮ್ಮಲ್ಲಿ ಎಷ್ಟು ಕೋಚಿಂಗ್ ಕ್ಯಾಂಪ್‌ಗಳಲ್ಲಿ ಲೆದರ್ ಬಾಲ್ ಆಡುವ ಮಕ್ಕಳ ಹೆಲ್ಮೆಟ್‌ನ ಹಿಂದೆ ಆ ತುಂಡು ಇದೆ? ಬಾಡಿಗೆ ನೆಟ್ಸ್‌ನ ಕಿಟ್ ಬ್ಯಾಗ್‌ನಲ್ಲಿ, ಕಾಲೇಜು ತಂಡದ ಮೂರು ಜನ ಸರದಿಯಲ್ಲಿ ಹಾಕುವ ಹೆಲ್ಮೆಟ್‌ನಲ್ಲಿ ಇದೆಯಾ? ನೀವು ಆಡ್ತಿದ್ದರೆ ನಿಮ್ಮದನ್ನು ಇವತ್ತೇ ತಿರುಗಿಸಿ ನೋಡಿ. ತಮ್ಮನೋ ತಂಗಿಯೋ ಆಡ್ತಿದ್ದರೆ ಕೋಚ್ ಹತ್ತಿರ ಕೇಳಿ. ಕಾಲೇಜಿನಲ್ಲಿ ಕ್ರೀಡಾ ಕಾರ್ಯದರ್ಶಿ ಚುನಾವಣೆಗೆ ನಿಂತವರ ಹತ್ತಿರ ಕೇಳಿ. ಕ್ಲಬ್‌ಗಳ ಮೂಲಕ ರಾಜ್ಯ ಸಂಸ್ಥೆಯ ಹತ್ತಿರ, ಮಂಡಳಿಯ ಹತ್ತಿರ ಕೇಳಿ: 19 ವರ್ಷದೊಳಗಿನವರಿಗೆ ಇದನ್ನು ಕಡ್ಡಾಯ ಮಾಡೋಕೆ ಏನು ಅಡ್ಡಿ? ಇಲ್ಲಿ ಮಾತಾಡ್ತಿರೋದು ಕೋಟಿಗಟ್ಟಲೆ ಖರ್ಚಿನ ಸ್ಟೇಡಿಯಂ ಬಗ್ಗೆ ಅಲ್ಲ, ಅಂಗೈ ಅಗಲದ ಫೋಮ್ ಬಗ್ಗೆ.

ಪ್ರತಿ ನವೆಂಬರ್ 27ಕ್ಕೆ '63 ನಾಟ್ ಔಟ್' ಅಂತ ಹಾಕೋಣ, ಹಾಕಬೇಕು. ಅದರ ಜೊತೆಗೆ ಒಂದು ಹೆಲ್ಮೆಟ್‌ನ ಹಿಂಬದಿಯ ಫೋಟೋ ಕೂಡ ಹಾಕಿ.