ಬೇಲಿಯ ಗಿಡಕ್ಕೆ ಬೋನ್ಸಾಯ್ ರೂಪ

ಥಾಣೆ ಖಾಡಿಯ ದಡದಲ್ಲಿರುವ ವಾಶಿಯು, 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ರೂಪಿಸಿದ ನವಿ ಮುಂಬಯಿಯ ಹಳೆಯ ಬಡಾವಣೆಗಳಲ್ಲೊಂದು. 1992ರಲ್ಲಿ ಮಾನ್‌ಖುರ್ದಿನಿಂದ ಲೋಕಲ್ ರೈಲು ಖಾಡಿಯನ್ನು ದಾಟಿ ಇಲ್ಲಿಗೆ ಬಂದ ತರುವಾಯ, ಕೋಟೆ ಭಾಗದ ಕಚೇರಿಗಳಲ್ಲಿ ದುಡಿಯುವ ಗುಮಾಸ್ತರಿಗೂ ಇಲ್ಲಿ ಮನೆ ಹೂಡುವುದು ಸುಲಭವಾಯಿತು. ಅಂದು ಹೊಸತಾಗಿದ್ದ ಕಟ್ಟಡಗಳು ಇಂದು ಮುಪ್ಪಾಗಿವೆ. ಒಂದೊಂದನ್ನೇ ಕೆಡವಿ ಎತ್ತರದ ಸೌಧಗಳನ್ನು ಕಟ್ಟುವ ಕಾರ್ಯ ನಡೆದಿದೆ. ಕಟ್ಟಡದೊಡನೆ ಅಂಗಳದ ಬೇಲಿಯೂ ಬುಡಮೇಲಾಗುತ್ತದೆ; ಹತ್ತಾರು ವರ್ಷ ಮಳೆ ಬಿಸಿಲುಗಳನ್ನುಂಡು ತೋಳಿನಷ್ಟು ದಪ್ಪವಾದ ಕಾಗದದ ಹೂವಿನ ಬುಡಗಳು ಕಲ್ಲುಮಣ್ಣಿನೊಡನೆ ಲಾರಿಯನ್ನೇರಿ ಹೋಗುತ್ತವೆ.

ಹಾಗೆ ಹೋಗುವ ಬುಡವೊಂದನ್ನು ಉಳಿಸಿ, ತಟ್ಟೆಯಂಥ ಕುಂಡದಲ್ಲಿ ಪುಟ್ಟ ಮರವಾಗಿ ಬೆಳೆಸಲು ಸಾಧ್ಯವೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಈ ಕಲೆಗೆ ಬೋನ್ಸಾಯ್ ಎಂದು ಹೆಸರು. ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಪಾತ್ರೆ, ‘ಸಾಯ್’ ಎಂದರೆ ನೆಡುವಿಕೆ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಈ ವಿದ್ಯೆಯಲ್ಲಿ ಬೀಜದಿಂದ ಬೆಳೆಸುವುದೊಂದೇ ಮಾರ್ಗವಲ್ಲ; ಪರ್ವತಗಳಲ್ಲಿ ಗಾಳಿಗೆ ಬಾಗಿ ಕುಬ್ಜವಾದ ಗಿಡಗಳನ್ನು ಅಗೆದು ತಂದು ಸಾಕುವ ಪದ್ಧತಿಯೂ ಅಲ್ಲಿ ಪುರಾತನವಾದುದು. ನಮ್ಮ ನಾಡಿನಲ್ಲಿ ಇದನ್ನು ಕಣ್ಣಾರೆ ಕಾಣಬಯಸುವವರು ಊರಿಗೆ ಹೋದಾಗ ಬೆಂಗಳೂರಿನ ಲಾಲ್‌ಬಾಗನ್ನೋ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನೋ ಸಂದರ್ಶಿಸಬಹುದು.

ಗಿಡವನ್ನು ಮುಟ್ಟುವ ಮುನ್ನ ಒಪ್ಪಿಗೆ ಪಡೆಯುವುದು ಮೊದಲ ಕರ್ತವ್ಯ. ಬೇಲಿಯು ಸೊಸೈಟಿಯ ಸೊತ್ತು. ಕಾರ್ಯದರ್ಶಿಯ ಮಾತನ್ನು ಬರಹದಲ್ಲಿ ಪಡೆದರೆ ಲೇಸು. ಮರಗಳ ವಿಷಯವಂತೂ ಬೇರೆಯೇ. 1975ರ ಮಹಾರಾಷ್ಟ್ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅವನ್ನು ಕಡಿಯಲು ಅಧಿಕಾರಿಗಳ ಅನುಮತಿ ಬೇಕು. ಖಾಡಿಯಂಚಿನ ಕಾಂಡ್ಲಾ ಗಿಡಗಳನ್ನು ಮುಟ್ಟಲೇಕೂಡದು. ದಡವನ್ನು ಕಾಯುವ ಆ ಸಸ್ಯಗಳಿಗೆ ಕಾನೂನಿನ ರಕ್ಷಣೆಯಿದೆ. ಕೆಡವಲು ನಿಶ್ಚಯವಾದ ಅಂಗಳದ ಪೊದೆಯೇ ನಮಗೆ ತಕ್ಕುದು.

ಆಯ್ಕೆಯಲ್ಲಿ ಹೂವನ್ನಲ್ಲ, ಬುಡವನ್ನು ನೋಡಬೇಕು. ನೆಲಮಟ್ಟದ ಮಣ್ಣನ್ನು ಬೆರಳಿನಿಂದ ಸರಿಸಿದಾಗ ಬೇರುಗಳು ಸುತ್ತಲೂ ಹರಡಿ ಭೂಮಿಯನ್ನು ಹಿಡಿದಂತಿದ್ದರೆ, ಕಾಂಡವು ಕೆಳಗೆ ದಪ್ಪವಾಗಿ ಮೇಲಕ್ಕೆ ಸಣ್ಣದಾಗುತ್ತ ಹೋದರೆ, ಆ ಗಿಡವು ಉತ್ತಮ. ಎತ್ತರವು ಬುಡದ ಅಡ್ಡಗಲದ ಆರರಷ್ಟಿದ್ದರೆ ಚೆಂದವೆಂಬುದು ರೂಢಿಯ ಲೆಕ್ಕ; ಮೂರು ಅಂಗುಲದ ಬುಡಕ್ಕೆ ಹದಿನೆಂಟು ಅಂಗುಲ. ಅದರಿಂದ ಮೇಲಿನ ಭಾಗವನ್ನು ಗರಗಸದಿಂದ ಕೊಯ್ದು, ಗಾಯಕ್ಕೆ ಮೇಣ ಹಚ್ಚಬೇಕು. ಕಾಗದದ ಹೂವಿನ ಮರವು ಮೃದುವಾದುದು. ತೆರೆದ ಗಾಯದಲ್ಲಿ ಮಳೆನೀರು ನಿಂತರೆ ಒಳಗಿನಿಂದಲೇ ಕೊಳೆಯುತ್ತದೆ.

ಕೊಂಕಣ ತೀರದಲ್ಲಿ ಅಗೆಯಲು ಮಳೆಗಾಲದ ಆರಂಭವೇ ಪ್ರಶಸ್ತ. ಈ ಗಿಡದ ಬೇರು ಬಲು ನವುರು. ಆದುದರಿಂದ ಎಳೆದು ಕೀಳದೆ, ಸುತ್ತಲೂ ಗುಂಡಿ ತೋಡಿ, ಮಣ್ಣಿನ ಮುದ್ದೆಯೊಡನೆ ಎತ್ತಿ ಹಸಿ ಗೋಣಿಯಲ್ಲಿ ಸುತ್ತಬೇಕು. ಮೊದಲ ವರ್ಷಕ್ಕೆ ಬೆಲೆಯುಳ್ಳ ಕುಂಡ ಬೇಡ. ಹೋಟೆಲಿನಲ್ಲಿ ಬರಿದಾದ ಎಣ್ಣೆಯ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಚೆನ್ನಾಗಿ ತೊಳೆದು, ತಳಕ್ಕೆ ಐದಾರು ತೂತು ಕೊರೆದರೆ ಸಾಕು. ಇಟ್ಟಿಗೆಯ ಚೂರು, ದಪ್ಪ ಮರಳು, ಜರಡಿ ಹಿಡಿದ ಹಳೆಯ ಸಗಣಿ ಗೊಬ್ಬರ, ಇವುಗಳ ಮಿಶ್ರಣವನ್ನು ತುಂಬಿರಿ. ಹೊಯ್ದ ನೀರು ನಿಲ್ಲದೆ ಹರಿದುಹೋಗಬೇಕು.

ಮೂರು ನಾಲ್ಕು ವಾರಗಳಲ್ಲಿ ಕೆಂಪು ಚಿಗುರು ಮೂಡಬಹುದು. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಆ ಚಿಗುರು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಬಂದುದೇ ಹೊರತು, ಬೇರು ಊರಿದುದಕ್ಕೆ ಸಾಕ್ಷಿಯಲ್ಲ. ಅಲುಗಾಡಿಸದೆ, ಚಿಗುರನ್ನು ಕತ್ತರಿಸದೆ, ಗೊಬ್ಬರವನ್ನು ಕೊಡದೆ, ಬೆಳಕಿನ ನೆರಳಿನಲ್ಲಿಟ್ಟು ಕಾಯಬೇಕು. ಗಿಡವು ಹುರುಪಿನಿಂದ ಬೆಳೆಯತೊಡಗಿದ ಮೇಲೆ ದಿನಕ್ಕೆ ಐದಾರು ತಾಸು ಬಿಸಿಲಿಗಿಡಬಹುದು.

ರೂಪ ಕೊಡುವ ಕೆಲಸ ಅನಂತರದ್ದು. ಕೆಳಗಿನ ಮೂರನೆಯ ಒಂದು ಪಾಲು ಕಾಂಡವನ್ನು ಬರಿದಾಗಿ ಬಿಟ್ಟು, ಮೇಲೆ ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಕೊಂಬೆಯನ್ನು ಆರಿಸಿಕೊಂಡು ಉಳಿದುವನ್ನು ತೆಗೆಯಿರಿ. ಕಾಗದದ ಹೂವಿನ ಬಲಿತ ಕೊಂಬೆ ಬಾಗಿಸಿದರೆ ಮುರಿಯುತ್ತದೆ. ಎಳೆಯದು ಆಗಷ್ಟೇ ಗಟ್ಟಿಯಾಗುವಾಗ, ಅದರ ದಪ್ಪದ ಮೂರನೆಯ ಒಂದಂಶವುಳ್ಳ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ ಮೆಲ್ಲನೆ ಬಾಗಿಸಬೇಕು. ಮಳೆಗಾಲದಲ್ಲಿ ಬೆಳವಣಿಗೆ ತ್ವರಿತವಾದುದರಿಂದ, ತಂತಿ ತೊಗಟೆಯನ್ನು ಕಚ್ಚುವ ಮೊದಲೇ ತುಂಡರಿಸಿ ತೆಗೆಯಬೇಕು. ನಾವು ಹೂವೆಂದು ಮೆಚ್ಚುವ ಬಣ್ಣವು ವಾಸ್ತವದಲ್ಲಿ ಎಲೆಯ ರೂಪಾಂತರ. ನಿಜವಾದ ಹೂ ಅದರ ನಡುವಿನ ಪುಟ್ಟ ಬಿಳಿಯ ಕೊಳವೆ. ಮಳೆ ನಿಂತ ಮೇಲೆ ನೀರನ್ನು ಕೊಂಚ ಕಡಿಮೆ ಮಾಡಿದರೆ ಆ ಬಣ್ಣ ತುಂಬಿ ಬರುವುದು.

ಗಿಡವನ್ನು ಉಪವಾಸ ಕೆಡವಿ ಕುಬ್ಜಗೊಳಿಸುವುದು ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಉಪವಾಸದಿಂದ ಬೋನ್ಸಾಯ್ ಆಗುವುದಿಲ್ಲ, ಗಿಡ ಸಾಯುವುದಷ್ಟೇ. ಕಾಲಕಾಲಕ್ಕೆ ಗೊಬ್ಬರ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಣ್ಣು, ಪ್ರತಿದಿನದ ನೀರು, ಕತ್ತರಿಯ ಅಂಕೆ, ಇಷ್ಟರಿಂದಲೇ ಅದು ಚಿಕ್ಕದಾಗಿಯೂ ಆರೋಗ್ಯವಾಗಿಯೂ ಉಳಿಯುತ್ತದೆ.

ನಿಜವಾದ ತೊಡಕು ಬೇರೊಂದಿದೆ. ಮೇ ತಿಂಗಳಲ್ಲಿ ನಮ್ಮವರು ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತಾರೆ. ಚಿಕ್ಕ ಕುಂಡದ ಗಿಡವು ಆ ಬೇಗೆಯಲ್ಲಿ ಎರಡು ದಿನ ನೀರಿಲ್ಲದೆ ಉಳಿಯುವುದು ಕಷ್ಟ; ಹಲವು ವರ್ಷಗಳ ಶ್ರಮ ಒಂದು ರಜೆಯಲ್ಲಿ ಒಣಗಿಹೋಗಬಲ್ಲುದು. ಆದುದರಿಂದ ಗಿಡವನ್ನು ತರುವ ಮೊದಲೇ ನೀರೆರೆಯುವ ನೆರೆಯವರನ್ನು ಗೊತ್ತುಮಾಡಿಕೊಳ್ಳಬೇಕು. ಹೋಟೆಲಿನ ಕೋಣೆಗಳಲ್ಲಿ ಒಟ್ಟಾಗಿ ವಾಸಿಸುವ ಸೋದರರಿಗೆ ಇದು ಸುಲಭ: ಒಬ್ಬನು ಊರಿಗೆ ಹೋದರೆ ಇನ್ನೊಬ್ಬನು ಇರುತ್ತಾನೆ. ನಾಲ್ವರು ಸೇರಿ ಒಂದು ಗಿಡವನ್ನು ಸಾಕಿದರೆ ಯಾರ ರಜೆಗೂ ಅಡ್ಡಿಯಿಲ್ಲ.

ಮಳೆ ಹತ್ತಿರವಾದಾಗ ನಿಮ್ಮ ಬೀದಿಯಲ್ಲಿ ಯಾವ ಕಟ್ಟಡಕ್ಕೆ ತಗಡಿನ ಗೋಡೆ ಏಳುತ್ತಿದೆಯೆಂದು ಒಮ್ಮೆ ನೋಡಿರಿ. ಒಳಗಿನ ಬೇಲಿಗೆ ಇನ್ನು ಕೆಲವೇ ದಿನಗಳಿರಬಹುದು. ಕೇಳುವವರು ಇಂದೇ ಕೇಳಬೇಕು.