ಕೊನೆಗೆ ಸಲ್ಲದ ಜೆ

ಜೆ ಅಕ್ಷರದಿಂದ ಮುಗಿಯುವ ಇಂಗ್ಲಿಷ್ ಪದ ಹೇಳಿ ಎಂದರೆ ಇಂಗ್ಲೆಂಡಿನವರೂ ತಡವರಿಸುತ್ತಾರೆ. ಆ ಧ್ವನಿಗೇನೂ ಬರವಿಲ್ಲ. ಜಡ್ಜ್, ಬ್ರಿಜ್, ಪೇಜ್, ಕಾಲೇಜ್ ಎಲ್ಲವೂ ಬಾಯಲ್ಲಿ ಜಕಾರಕ್ಕೇ ನಿಲ್ಲುತ್ತವೆ. ಬರೆಯಲು ಕೂತರೆ ಮಾತ್ರ ಜಿ-ಇ, ಇಲ್ಲವೇ ಡಿ-ಜಿ-ಇ. ರೆಫ್ರಿಜರೇಟರ್‌ನಲ್ಲಿ ಇಲ್ಲವೇ ಇಲ್ಲದ ಡಿ, ಅದನ್ನು ಫ್ರಿಜ್ ಎಂದು ತುಂಡರಿಸಿದಾಗ ಎಲ್ಲಿಂದಲೋ ಬಂದು ಸೇರಿಕೊಂಡಿತು. ನಮ್ಮ ಹೋಟೆಲುಗಳ ಬೋರ್ಡಿನ 'ವೆಜ್' ಇನ್ನೂ ತಮಾಷೆ. 'ವೆಗ್' ಎಂದು ಓದಿಕೊಂಡರೂ ಪರವಾಗಿಲ್ಲ, ಜೆ ಬೇಡ ಎಂಬಂತೆ ವಿ-ಇ-ಜಿ ಎಂದೇ ಬರೆಯುತ್ತಾರೆ.

ವಿಚಿತ್ರವೆಂದರೆ ಈ ಅಕ್ಷರಕ್ಕೆ ಮೊದಲು ಜಾಗ ಸಿಕ್ಕಿದ್ದೇ ಕೊನೆಯಲ್ಲಿ. ಆಗ ಜೆ ಸ್ವತಂತ್ರ ಅಕ್ಷರವಾಗಿರಲಿಲ್ಲ, ಐ ಅಕ್ಷರಕ್ಕೆ ಎಳೆದ ಬಾಲವಷ್ಟೇ. ರೋಮನ್ ಅಂಕಿಯಲ್ಲಿ ಮೂರು ಬರೆಯುವಾಗ ಲಿಪಿಕಾರರು ಎರಡು ಐ ಹಾಕಿ ಮೂರನೆಯದನ್ನು ಕೆಳಕ್ಕೆ ಎಳೆಯುತ್ತಿದ್ದರು. ಅಂಕಿ ಇಲ್ಲಿಗೆ ಮುಗಿಯಿತು ಎಂಬ ಗುರುತು ಅದು; ಆಮೇಲೆ ಯಾರೂ ಇನ್ನೊಂದು ಗೀಟು ಸೇರಿಸುವಂತಿರಲಿಲ್ಲ. ಔಷಧಿ ಚೀಟಿಗಳಲ್ಲಿ ಈ ರೂಢಿ 20ನೇ ಶತಮಾನದವರೆಗೂ ಉಳಿದಿತ್ತು.

ಐ ಮತ್ತು ಜೆ ಬೇರೆ ಬೇರೆ ಎಂದು 1524ರಲ್ಲಿ ವಾದಿಸಿದವನು ಇಟಲಿಯ ತ್ರಿಸ್ಸಿನೊ. ಇಂಗ್ಲಿಷಿಗೆ ಅದು ಬೇಗ ಒಗ್ಗಲಿಲ್ಲ. 1611ರ ಬೈಬಲಿನಲ್ಲಿ ಏಸುವಿನ ಹೆಸರು ಐ ಅಕ್ಷರದಿಂದಲೇ ಅಚ್ಚಾಯಿತು. 1755ರ ತನ್ನ ನಿಘಂಟಿನಲ್ಲೂ ಸ್ಯಾಮ್ಯುಯೆಲ್ ಜಾನ್ಸನ್ ಐ, ಜೆ ಪದಗಳನ್ನು ಒಂದೇ ಸಾಲಿನಲ್ಲಿ ಬೆರೆಸಿಟ್ಟ. ಜೆ ಹೀಗೆ ನಿಧಾನವಾಗಿ ತನ್ನ ಕಾಲ ಮೇಲೆ ನಿಲ್ಲುವಷ್ಟರಲ್ಲಿ ಪದಾಂತ್ಯದ ಜಾಗವನ್ನು ಜಿ-ಇ ಹಿಡಿದಾಗಿತ್ತು. ವಿ ಅಕ್ಷರದ್ದೂ ಹೆಚ್ಚುಕಡಿಮೆ ಇದೇ ಪಾಡು: ಲವ್, ಗಿವ್, ಹ್ಯಾವ್‌ಗಳ ಕೊನೆಗೆ ಇಂದಿಗೂ ಉಚ್ಚರಿಸದ ಒಂದು ಇ ಕಾವಲಿದೆ. ಬಸ್ಸು, ಪೆನ್ನು ಎಂದು ಕೊನೆಗೊಂದು ಉಕಾರ ಹಚ್ಚದೆ ಬಿಡದ ನಾವು ಇದಕ್ಕೆ ನಗುವಂತಿಲ್ಲ. ನಮ್ಮ ಉಕಾರ ಕಿವಿಗಾದರೂ ಕೇಳುತ್ತದೆ, ಅಷ್ಟೇ.

ಜೆಗೆ ಮುಚ್ಚಿದ್ದ ಪದಾಂತ್ಯದ ಬಾಗಿಲು ತೆರೆದದ್ದು ಪೂರ್ವದ ಪದಗಳಿಗೆ. ಅರಬ್ಬಿಯ ಹಜ್ ಮೂರು ಕಾಗುಣಿತಗಳಲ್ಲಿ ಒಳಬಂತು. ತಾಜ್ ಎಂದರೆ ಇಂಗ್ಲಿಷ್ ನಿಘಂಟುಗಳಲ್ಲಿ ದರ್ವೇಶಿಗಳು ಧರಿಸುವ ಉದ್ದನೆಯ ಮೊನೆಟೋಪಿ. ಆಳಿದವರು ತಮ್ಮ ಆಳ್ವಿಕೆಗೆ ರಾಜ್ ಎಂದರು, ಅದನ್ನು ಕೊನೆಗಾಣಿಸಬೇಕೆಂದವರ ಸ್ವರಾಜ್ ಕೂಡ ಅದೇ ನಿಘಂಟು ಸೇರಿತು. ಅದೂ ಸಲೀಸಾಗಿ ಅಲ್ಲ. 1909ರಲ್ಲಿ ಗುಜರಾತಿಯಲ್ಲಿ ಬರೆದ 'ಹಿಂದ್ ಸ್ವರಾಜ್' ಮರುವರ್ಷ ಇಂಗ್ಲಿಷಿಗೆ ಬಂದಾಗ ಗಾಂಧಿ ಕೊಟ್ಟ ಹೆಸರು 'ಇಂಡಿಯನ್ ಹೋಮ್ ರೂಲ್'.

ಜೆಯಲ್ಲಿ ಮುಗಿಯುವ ಈ ಪದಗಳಿಂದ ಲಾಭವಾದದ್ದು ಸ್ಕ್ರ್ಯಾಬಲ್ ಆಡುವವರಿಗೆ. ನೂರು ಬಿಲ್ಲೆಗಳಲ್ಲಿ ಜೆ ಒಂದೇ, ಬೆಲೆ 8 ಅಂಕ. ಅದು ಕೈಗಂಟಿಕೊಂಡಾಗ ಮೂರಕ್ಷರದ ರಾಜ್, ತಾಜ್‌ಗಳೇ ಕಾಯುತ್ತವೆ.

ಆದರೂ ಇಂಗ್ಲಿಷರ ಬಾಯಲ್ಲಿ ಇವುಗಳ ಪರಕೀಯತೆ ಕಳೆದಿಲ್ಲ. ಜೆ ಕೊನೆಗೆ ಕಂಡರೆ ಇದು ಹೊರಗಿನದು ಎಂದುಕೊಂಡು ಅನೇಕರು ಅದಕ್ಕೆ ಫ್ರೆಂಚ್ ನಯ ಸವರಿ, 'ವಿಷನ್' ಪದದ ನಡುವಿನ ಧ್ವನಿಯಲ್ಲಿ ತಾಜ್ ಮಹಲ್ ಎನ್ನುತ್ತಾರೆ. ಅವರದೇ 'ಜಡ್ಜ್'ನ ಜಕಾರ ಸಾಕಾಗಿತ್ತು.